ಹೊರಹೊಟ್ಟೆ

ಬೆಳಗಿನ ಎಂಟು ಗಂಟೆಗೆ ನೀಲಾಂಬಿಕಾ ಹೊಸಮನಿ ಮಗುವಿನ ಸೊಂಟಕ್ಕೆ ಸುತ್ತಿದ್ದ ಅಗಲವಾದ ಪಟ್ಟಿಯ ಮುಚ್ಚಳ ತೆರೆದರು. ಅದರೊಳಗೆ ಎರಡು ಬೊಗಸೆ ಜೋಳದ ದಂಟಿನ ಪುಡಿ, ಒಂದು ಹಿಡಿ ಶೇಂಗಾ ಹಿಂಡಿ ಹಾಕಿ, ಮೇಲೆ ಒಂದು ಲೋಟ ನೀರು ಸುರಿದು ಮುಚ್ಚಿದರು. ಪಟ್ಟಿಯ ಒಳಮೈಯಲ್ಲಿ ಹಿಂಜಿದ ಹತ್ತಿಯ ಹಾಗೆ ಬಿಳಿ ಬೂಷ್ಟು ಬೆಳೆದಿತ್ತು. ಪುಡಿ ನಿಧಾನವಾಗಿ ಅದರಲ್ಲಿ ಮುಳುಗಿತು. ನಲವತ್ತು ನಿಮಿಷ ಕಳೆಯಿತು. ಆಮೇಲೆ ಮಂಚದ ಪಕ್ಕದ ಪರದೆಯ ಮೇಲೆ ಮಗುವಿನ ರಕ್ತದ ಸಕ್ಕರೆಯ ಗೆರೆ ಮೆಲ್ಲಗೆ ಮೇಲೇರತೊಡಗಿತು.

ಅದು 2058ನೆಯ ಇಸವಿ, ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆ. ಮಗುವಿನ ಹೆಸರು ನಿಂಗಿ, ಆರು ವರ್ಷ. ಎರಡು ವರ್ಷದ ಹಿಂದೆ ಅವಳ ಕರುಳು ತಿರುಚಿಕೊಂಡು ಕಪ್ಪಾಗಿ, ಶಸ್ತ್ರವೈದ್ಯರು ಅದನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕಬೇಕಾಗಿ ಬಂದಿತ್ತು. ಅಂದಿನಿಂದ ಕುತ್ತಿಗೆಯ ರಕ್ತನಾಳದೊಳಗೆ ಇಳಿಯುವ ದ್ರವವೇ ಅವಳ ಊಟ. ಆ ದ್ರವ ಜೀವ ಉಳಿಸುತ್ತಲೇ ಪಿತ್ತಜನಕಾಂಗವನ್ನು ಕೆಡಿಸುತ್ತ ಬಂದಿತ್ತು. ಕಣ್ಣುಗಳು ಅರಿಸಿನದ ಬಣ್ಣಕ್ಕೆ ತಿರುಗಿದ್ದವು.

ತಾಯಿ ದ್ಯಾಮವ್ವ ಗದಗಿನ ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುವವಳು. ಊರೆಲ್ಲ ಅವಳ ರೊಟ್ಟಿ ತಿಂದು ಹೊಗಳುತ್ತಿದ್ದರೂ ಎರಡು ವರ್ಷದಿಂದ ತನ್ನ ಮಗಳ ಬಾಯಿಗೆ ಒಂದು ತುತ್ತು ಇಡಲಾಗಿರಲಿಲ್ಲ. ಅವಳು ಹಿಂಡಿಯ ಡಬ್ಬಿಯನ್ನೇ ನೋಡುತ್ತಿದ್ದಳು.

"ದನಕ್ಕ ಹಾಕೂದನ್ನ ನನ್ನ ಕೂಸಿಗೆ ಹಾಕ್ತೀರೇನ್ರಿ?"

"ದನಾನೂ ಮೇವು ತಾನಾ ಅರಗಿಸಿಕೊಳ್ಳೂದಿಲ್ಲ ದ್ಯಾಮವ್ವಾ" ಎಂದರು ನೀಲಾಂಬಿಕಾ. "ಅದರ ಹೊಟ್ಟ್ಯಾಗ ಇರೋ ಸಣ್ಣ ಸಣ್ಣ ಜೀವಿಗಳು ಅರಗಿಸಿ ಕೊಡ್ತಾವ. ನಿಂಗಿಗೆ ಒಳಗ ಆ ಜಾಗಾ ಇಲ್ಲ. ಅದಕ್ಕ ಹೊರಗ ಇಟ್ಟೀನಿ."

ನೀಲಾಂಬಿಕಾ ವೈದ್ಯರಲ್ಲ, ಸಸ್ಯವಿಜ್ಞಾನಿ. ಅವರ ಅರ್ಧ ಆಯುಷ್ಯ ಬೇರುಗಳನ್ನು ನೋಡುವುದರಲ್ಲೇ ಕಳೆದಿತ್ತು. ಗಿಡ ಗಾಳಿ, ನೀರು, ಬಿಸಿಲು ಕೂಡಿಸಿ ತನಗೆ ಬೇಕಾದ ಸಕ್ಕರೆಯನ್ನು ತಾನೇ ಮಾಡಿಕೊಳ್ಳುತ್ತದೆ. ಅಣಬೆ, ಬೂಷ್ಟುಗಳ ಕುಲಕ್ಕೆ, ಅಂದರೆ ಶಿಲೀಂಧ್ರಗಳಿಗೆ, ಆ ವಿದ್ಯೆ ಬಾರದು. ಅವಕ್ಕೆ ಬಾಯಿಯಿಲ್ಲ, ಹೊಟ್ಟೆಯೂ ಇಲ್ಲ. ಸತ್ತ ಎಲೆಯ ಮೇಲೋ ಕೊಳೆತ ಕಟ್ಟಿಗೆಯ ಮೇಲೋ ಹಬ್ಬಿ, ಕಿಣ್ವಗಳೆಂಬ ರಸಗಳನ್ನು ಹೊರಗೆ ಬಿಟ್ಟು, ಅನ್ನವನ್ನು ಇದ್ದಲ್ಲೇ ಕರಗಿಸಿ, ಕರಗಿದ್ದನ್ನು ನೂಲಿನಂಥ ಎಳೆಗಳಿಂದ ಹೀರಿಕೊಳ್ಳುತ್ತವೆ. ಮನುಷ್ಯನಿಗೆ ಅರಗದ ಹುಲ್ಲು, ದಂಟು, ತರಗೆಲೆಯ ನಾರೆಲ್ಲ ಅವಕ್ಕೆ ಊಟ. ಇವುಗಳಲ್ಲೇ ಕೆಲವು ಜಾತಿ ಮರದ ಬೇರಿನೊಳಗೆ ಸೇರಿ, ಒಂದೊಂದು ಜೀವಕೋಶದಲ್ಲಿ ಪುಟ್ಟ ಗಿಡದಂತೆ ಕವಲೊಡೆದು ನಿಲ್ಲುತ್ತವೆ. ಮಣ್ಣಿನಿಂದ ರಂಜಕ ತಂದು ಮರಕ್ಕೆ ಕೊಡುತ್ತವೆ, ಮರದಿಂದ ಸಕ್ಕರೆ ಪಡೆಯುತ್ತವೆ. ಒಳಗೆ ಬಂದವರನ್ನು ಮರ ಹೊರದೂಡುವುದಿಲ್ಲ.

ನಾರನ್ನು ಕರಗಿಸಬಲ್ಲ ಶಿಲೀಂಧ್ರಕ್ಕೆ ಈ ಮರ್ಯಾದೆಯನ್ನು ಕಲಿಸಿ, ಬೇರಿನ ಬದಲು ಚರ್ಮದಡಿಯ ಕೂದಲೆಳೆ ರಕ್ತನಾಳಗಳ ಬಳಿ ನಿಲ್ಲಿಸಿ, ಕರಗಿದ್ದನ್ನು ರಕ್ತಕ್ಕೆ ಕೊಡುವಂತೆ ಮಾಡಿದರೆ? ಈ ಪ್ರಶ್ನೆಯ ಬೆನ್ನು ಹತ್ತಿ ಹನ್ನೊಂದು ವರ್ಷ ದುಡಿದ ಮೇಲೆ ಪಟ್ಟಿ ತಯಾರಾಯಿತು. ಅವರು ಅದನ್ನು ಹೊರಹೊಟ್ಟೆ ಎಂದು ಕರೆದರು.

ಮೂರು ವಾರಕ್ಕೆ ನಿಂಗಿಯ ಕುತ್ತಿಗೆಯ ನಳಿಕೆ ತೆಗೆದರು. ಎರಡು ತಿಂಗಳಿಗೆ ಕಣ್ಣಿನ ಹಳದಿ ಹೋಯಿತು. ಊರಿಗೆ ಹೊರಟ ದಿನ ದ್ಯಾಮವ್ವ ನೀಲಾಂಬಿಕಾರ ಎರಡೂ ಕೈಗಳನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೂ ನೀಲಾಂಬಿಕಾ ಆಗಾಗ ಗದಗಿಗೆ ಹೋಗಿ ಮಗುವನ್ನು ಪರೀಕ್ಷಿಸಿ ಬರುತ್ತಿದ್ದರು. ಒಂದು ಸಂಗತಿ ಅವರ ಗಮನಕ್ಕೆ ಬಂತು. ರಕ್ತದಲ್ಲಿ ಸಕ್ಕರೆ ಸದಾ ಸಮವಾಗಿದ್ದುದರಿಂದ ನಿಂಗಿಗೆ ಹಸಿವೆಯೇ ಆಗುತ್ತಿರಲಿಲ್ಲ. ಆದರೂ ದ್ಯಾಮವ್ವ ಗಿರಾಕಿಗಳ ಗದ್ದಲ ಮುಗಿದ ಮೇಲೆ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಬೆರಳ ತುದಿಯಲ್ಲಿ ಸಾರು ಅದ್ದಿ ಅವಳ ತುಟಿಗೆ ಹಚ್ಚುತ್ತಿದ್ದಳು. ನುಂಗಿಸುವಂತಿರಲಿಲ್ಲ. "ಇದು ಪುಂಡಿಪಲ್ಯೆ, ಹುಳಿ ಐತಿ ನೋಡು. ಇದು ಬದನಿಕಾಯಿ. ಇದನ್ನ ನಿಮ್ಮಪ್ಪ ಎರಡು ಸಲ ಹಾಕಿಸ್ಕೋತಿದ್ದ" ಎಂದು ಹೇಳುತ್ತಿದ್ದಳು. ಹತ್ತನೆಯ ವರ್ಷದ ಯುಗಾದಿಯಂದು ನಿಂಗಿ ತುಟಿ ಒರೆಸಿಕೊಂಡು, "ಅವ್ವಾ, ನೀ ಉಣ್ಣು. ನಾ ನಿನ್ನ ಕೂಡ ಸುಮ್ನ ಕುಂದರ್ತೀನಿ" ಅಂದಳಂತೆ. ಹಾಗಂದದ್ದನ್ನು ನೀಲಾಂಬಿಕಾರಿಗೆ ಹೇಳುತ್ತಿದ್ದ ದ್ಯಾಮವ್ವ, ಮಾತು ಮುಗಿಯುವ ಮೊದಲೇ ಎದ್ದು ಒಳಗೆ ಹೋದಳು.

2064ರ ಮಳೆಗಾಲದಲ್ಲಿ ಉತ್ತರದ ನದಿಗಳೆಲ್ಲ ಒಟ್ಟಿಗೆ ಉಕ್ಕಿದವು. ಲಕ್ಷಾಂತರ ಜನ ಶಿಬಿರಗಳಿಗೆ ಬಂದರು. ಅಷ್ಟರಲ್ಲಿ ಹೊರಹೊಟ್ಟೆಯನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಯಾರು ಬೇಕಾದರೂ ಕಟ್ಟಿಕೊಳ್ಳುವ ಹಾಗಾಗಿತ್ತು. ಧಾನ್ಯ ಕೊಚ್ಚಿಹೋಗಿತ್ತು, ಹುಲ್ಲು ಮಾತ್ರ ಉಳಿದಿತ್ತು. ಆ ಹುಲ್ಲನ್ನೇ ಪುಡಿ ಮಾಡಿ ಪಟ್ಟಿಗಳಿಗೆ ತುಂಬಿದರು. ಆ ನಾಲ್ಕು ತಿಂಗಳಲ್ಲಿ ಒಬ್ಬರೂ ಹಸಿವಿನಿಂದ ಸಾಯಲಿಲ್ಲ. ಬಾಣಂತಿಯೊಬ್ಬಳು ತನ್ನ ಮಗುವಿಗೆ ನೀಲಾಂಬಿಕಾ ಎಂದು ಹೆಸರಿಟ್ಟ ದಿನ ಅವರು ಶಿಬಿರದ ಹಿಂದೆ ಹೋಗಿ ನಿಂತು ಒಬ್ಬರೇ ಅತ್ತರು. ಹಸಿವಿನ ಕಾಲ ಮುಗಿಯಿತೆಂದು ಪತ್ರಿಕೆಗಳು ಬರೆದವು. ಅವರೂ ಹಾಗೇ ನಂಬಿದರು.

ನೀರು ಇಳಿದರೂ ಪಟ್ಟಿಗಳು ಜನರ ಸೊಂಟದಿಂದ ಇಳಿಯಲಿಲ್ಲ. ಕಾರ್ಖಾನೆಗಳಲ್ಲಿ ಊಟದ ಬಿಡುವು ತೆಗೆದರು. ವಿದ್ಯಾರ್ಥಿನಿಲಯಗಳಲ್ಲಿ ಅಡುಗೆಮನೆಗಳನ್ನು ಉಗ್ರಾಣ ಮಾಡಿದರು. ದ್ಯಾಮವ್ವನ ಖಾನಾವಳಿಗೆ ಮಧ್ಯಾಹ್ನ ಏಳೆಂಟು ಮುದುಕರು ಬಂದರೆ ಹೆಚ್ಚು. "ಉಣ್ಣೂದು ಈಗ ಪುರುಸೊತ್ತು ಇದ್ದವರ ಕೆಲಸ ಆಗೇತ್ರಿ" ಎಂದಳೇ ಹೊರತು ದೂರಲಿಲ್ಲ. ಶಿಬಿರಗಳನ್ನು ಕಂಡಿದ್ದ ನೀಲಾಂಬಿಕಾರಿಗೆ ಪಟ್ಟಿಯ ವಿರುದ್ಧ ಒಂದು ಮಾತು ಆಡುವುದಕ್ಕೂ ಮನಸ್ಸು ಬರುತ್ತಿರಲಿಲ್ಲ.

2069ರ ಬೇಸಿಗೆಯಲ್ಲಿ ಒಂದು ಕಾಗದ ಬಂತು. ಬರೆದವಳು ಹೊಳೆಬಸಾಪುರ ಎಂಬ ಊರಿನ ಶಿಶುಗೃಹದ ಆಯಾ ಸಕೀನಾಬಿ. "ನಮ್ಮಲ್ಲಿ ನಲವತ್ತು ಅನಾಥ ಕೂಸು ಅದಾವ. ಎರಡನೇ ತಿಂಗಳಿಗೇ ಎಲ್ಲಾಕೂ ಪಟ್ಟಿ ಕಟ್ಟೇವಿ. ತೂಕ ಎಲ್ಲಾ ಸರಿ ಐತಿ. ಆದರ ಒಂದೂ ಅಳೂದಿಲ್ಲ. ಹೋದ ತಿಂಗಳು ಎರಡು ತೀರಿಕೊಂಡವು. ಯಾಕ ಅಂತ ಡಾಕ್ಟರಿಗೂ ತಿಳಿವಲ್ದು. ನೀವು ಒಮ್ಮೆ ಬಂದು ನೋಡ್ರಿ."

ಮಕ್ಕಳ ವಿಷಯ ತನಗೆ ತಿಳಿಯದೆಂದು ನೀಲಾಂಬಿಕಾ ದ್ಯಾಮವ್ವನನ್ನೂ ಕರೆದುಕೊಂಡು ಹೋದರು. ಹದಿನೇಳರ ನಿಂಗಿ ತಾನೂ ಬರುತ್ತೇನೆಂದು ಹೊರಟಳು.

ಉದ್ದನೆಯ ಹಜಾರ. ಕಿಟಕಿಗಳಿಂದ ಒಳ್ಳೆಯ ಬೆಳಕು ಬರುತ್ತಿತ್ತು, ನೆಲ ಸ್ವಚ್ಛವಾಗಿತ್ತು. ಎರಡು ಸಾಲು ತೊಟ್ಟಿಲುಗಳಲ್ಲಿ ಮೂವತ್ತೆಂಟು ಮಕ್ಕಳು ಎಚ್ಚರವಾಗಿಯೇ ಮಲಗಿದ್ದವು. ಗುಂಡು ಗುಂಡು ಕೆನ್ನೆ. ಮೂವರು ಒಳಗೆ ಬಂದರೂ ಒಂದು ತಲೆಯೂ ಹೊರಳಲಿಲ್ಲ. ಚಾವಣಿಯ ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು.

"ಎಷ್ಟು ಮಂದಿ ನೋಡಿಕೊಳ್ತೀರಿ?" ಎಂದು ನೀಲಾಂಬಿಕಾ ಕೇಳಿದರು.

"ಮೊದಲ ಹನ್ನೆರಡು ಮಂದಿ ಇದ್ವಿರಿ" ಎಂದಳು ಸಕೀನಾಬಿ. "ಹಾಲು ಕುಡಿಸೂದು, ಗಂಜಿ ಉಣಿಸೂದು, ತೇಗು ಬರೋತನಕ ಹೆಗಲ ಮ್ಯಾಲ ಹಾಕ್ಕೊಂಡು ಅಡ್ಡಾಡೂದು, ಇದರಾಗ ಹೊತ್ತು ಹೋಗಿದ್ದೇ ತಿಳೀತಿದ್ದಿಲ್ಲ. ಪಟ್ಟಿ ಬಂದಮ್ಯಾಲ ಆ ಕೆಲಸಾನ ಉಳೀಲಿಲ್ಲ. ಎಲ್ಲಾರನ್ನೂ ಬಿಡಿಸಿದ್ರು. ಈಗ ನಾ ಒಬ್ಬಾಕಿ. ಎಲ್ಲಾ ಪಟ್ಟಿ ತುಂಬಾಕ ಒಂದು ತಾಸು ಸಾಕು. ಉಳಿದ ಹೊತ್ತೆಲ್ಲಾ ಅರಿವಿ ಒಗಿಯೂದು, ನೆಲಾ ಒರಸೂದು."

ನೀಲಾಂಬಿಕಾ ಒಂದೊಂದೇ ಪಟ್ಟಿಯ ಅಂಕಿಗಳನ್ನು ನೋಡುತ್ತ ಹೋದರು. ಸಕ್ಕರೆ ಸರಿ, ಪ್ರೋಟೀನು ಸರಿ, ಕಬ್ಬಿಣ ಸರಿ. ಸತ್ತ ಎರಡು ಮಕ್ಕಳ ವರದಿಯಲ್ಲೂ ಎಲ್ಲ ಸರಿಯಾಗಿತ್ತು. ಸಾಲಿನ ಕೊನೆಗೆ ಬಂದು ತೊಟ್ಟಿಲುಗಳ ಕಡೆ ತಿರುಗಿ ನಿಂತರು. ಹಸಿದ ಕೂಸು ಅಳುತ್ತದೆ. ಅತ್ತರೆ ಯಾರೋ ಬರುತ್ತಾರೆ. ಬಂದವರಿಗೆ ಒಂದು ಮುಖ, ಒಂದು ದನಿ, ಒಂದು ಮೈ ವಾಸನೆ ಇರುತ್ತದೆ. ದಿನಕ್ಕೆ ಎಂಟು ಸಲ, ಹತ್ತು ಸಲ ಹೀಗಾಗಿ ಆಗಿ, ಲೋಕದಲ್ಲಿ ತನ್ನ ಹೊರತು ಇನ್ನೊಬ್ಬರು ಇದ್ದಾರೆಂದು ಕೂಸಿಗೆ ಗೊತ್ತಾಗುತ್ತದೆ. ಪಟ್ಟಿ ಕಟ್ಟಿದ ಮೇಲೆ ಈ ಮಕ್ಕಳು ಒಮ್ಮೆಯೂ ಹಸಿದಿರಲಿಲ್ಲ. ಆದ್ದರಿಂದ ಯಾರನ್ನೂ ಕರೆದಿರಲಿಲ್ಲ.

ದ್ಯಾಮವ್ವ ಆಗಲೇ ಒಂದು ಹೆಣ್ಣು ಕೂಸನ್ನು ಎತ್ತಿಕೊಂಡಿದ್ದಳು. ಒಂದೂವರೆ ವರ್ಷವಿರಬಹುದು.

"ಇಕಿ ಹೆಸರೇನವ್ವಾ?"

"ಗೌರಿ ಅಂತ ಇಟ್ಟೇವ್ರಿ. ಕರದ್ರ ತಿರುಗಿ ನೋಡೂದಿಲ್ಲ."

ಗೌರಿ ಎತ್ತಿಕೊಂಡವಳ ಕೊರಳಿಗೆ ಕೈ ಹಾಕಲಿಲ್ಲ, ಹೆಗಲಿಗೆ ತಲೆ ಆನಿಸಲಿಲ್ಲ. ದ್ಯಾಮವ್ವ ಹಿತ್ತಲಲ್ಲಿ ಒಲೆ ಹೂಡಿ, ಅಕ್ಕಿ ನುಚ್ಚಿನ ಗಂಜಿ ಕಾಯಿಸಿ, ಊದಿ ಊದಿ ಆರಿಸಿ ಬಾಯಿಗಿಟ್ಟಳು. ಬಾಯಿ ತೆರೆಯಬೇಕೆಂದು ಕೂಸಿಗೆ ಗೊತ್ತಿರಲಿಲ್ಲ. ಗಂಜಿ ಗದ್ದದ ಮೇಲಿಂದ ಇಳಿಯಿತು. ದ್ಯಾಮವ್ವ ಒರೆಸಿದಳು, ಮತ್ತೆ ಇಟ್ಟಳು, ಮತ್ತೆ ಒರೆಸಿದಳು.

"ಡಾಕ್ಟರ್ರ, ಇಕಿಗೆ ಹಸಿವು ಮಾಡಿಸ್ರಿ" ಎಂದಳು ಕೊನೆಗೆ.

ಹಸಿವನ್ನು ಇಲ್ಲವಾಗಿಸಲು ಹನ್ನೊಂದು ವರ್ಷ ದುಡಿದಿದ್ದ ನೀಲಾಂಬಿಕಾ ಗೌರಿಯ ಪಟ್ಟಿಗೆ ಹಾಕುವ ಪುಡಿ ಕಡಿಮೆ ಮಾಡಿದರು. ಮರುದಿನ ಇನ್ನಷ್ಟು. ಮೂರನೆಯ ದಿನ ಬೆಳಿಗ್ಗೆ ಕೂಸು ಕಾಲು ಆಡಿಸತೊಡಗಿತು. ಮುಖ ಕೆಂಪಾಯಿತು. ಮಧ್ಯಾಹ್ನದ ಹೊತ್ತಿಗೆ ಅದರ ಗಂಟಲಿನಿಂದ ತುಕ್ಕು ಹಿಡಿದ ಬಾಗಿಲು ತೆರೆದಂಥ ಒಂದು ಸಣ್ಣ ದನಿ ಹೊರಟಿತು. ಆ ಹಜಾರದಲ್ಲಿ ಎಷ್ಟೋ ತಿಂಗಳ ಮೇಲೆ ಕೇಳಿದ ಮೊದಲ ಅಳು ಅದು.

"ಅಳವ್ವಾ, ಅಳು" ಎಂದಳು ದ್ಯಾಮವ್ವ. ಅವಳ ಕಣ್ಣಿಂದಲೂ ನೀರು ಧಾರೆಯಾಗಿ ಇಳಿಯುತ್ತಿತ್ತು. "ಜೋರಾಗಿ ಅಳು. ನಾ ಬಂದೇನಿ, ಇಲ್ಲೇ ಅದೀನಿ."

ಬೇರೆ ತೊಟ್ಟಿಲುಗಳಲ್ಲಿ ಯಾವ ಮಗುವೂ ಆ ಅಳುವಿನ ಕಡೆ ತಿರುಗಲಿಲ್ಲ.

ಅವರು ನಾಲ್ಕು ತಿಂಗಳು ಅಲ್ಲೇ ಉಳಿದರು. ಸಕೀನಾಬಿ ಹಳೆಯ ಆಯಾಗಳ ಮನೆಮನೆಗೆ ಹೋಗಿ ಕರೆದು ತಂದಳು. ಉಳಿದ ಮಕ್ಕಳ ಪಟ್ಟಿಗಳಲ್ಲೂ ಪುಡಿ ಕಡಿಮೆ ಮಾಡುತ್ತ ಬಂದರು. ಬಹಳಷ್ಟು ಮಕ್ಕಳು ನುಂಗಲು ಕಲಿತವು, ಕೆಲವು ಅಗಿಯಲೂ ಕಲಿತವು. ಐದು ಮಕ್ಕಳು ಕಲಿಯಲಿಲ್ಲ. ಅವಕ್ಕೆ ಪಟ್ಟಿ ಮತ್ತೆ ತುಂಬಿದರೂ ಉಳಿಯಲಿಲ್ಲ. ಗೌರಿ ಉಳಿದಳು. ದ್ಯಾಮವ್ವನ ಸೆರಗು ಹಿಡಿದು ಓಡಾಡುವಷ್ಟಾದಳು. ಆದರೆ ಅವಳಿಗೆ ಮಾತು ಬರಲೇ ಇಲ್ಲ.

ಐದನೆಯ ಮಗುವನ್ನು ಮಣ್ಣು ಮಾಡಿ ಬಂದ ದಿನ ನಿಂಗಿ ನೀಲಾಂಬಿಕಾರ ಪಕ್ಕದಲ್ಲಿ ಬಂದು ಕೂತಳು.

"ಹಸಿವು ಅಂದ್ರ ಹೆಂಗಿರತೈತ್ರಿ?"

"ಯಾರಾದರೂ ಬರಬೇಕು ಅನಸ್ತದ" ಎಂದರು ನೀಲಾಂಬಿಕಾ.

"ನನಗ ಹಂಗ ಅನಸ್ತದ. ಹೊಟ್ಟ್ಯಾಗ ಅಲ್ಲ, ಆದರೂ ಅನಸ್ತದ" ಎಂದಳು ನಿಂಗಿ. ಮತ್ತೆ ಹೇಳಿದಳು: "ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ. ನೀವು ಇರದಿದ್ರ ನಾ ಸತ್ತ ಹೋಗ್ತಿದ್ದೆ. ಆದ್ರ ಅವ್ವ ಇರದಿದ್ರ ನಾನೂ ಈ ಕೂಸಿನಂಗ ಆಗ್ತಿದ್ದೆ."

ನೀಲಾಂಬಿಕಾ ಸರಕಾರಕ್ಕೆ ವರದಿ ಬರೆದರು. ಮೂರು ವರ್ಷದೊಳಗಿನ ಮಕ್ಕಳಿಗೆ ಪಟ್ಟಿ ಕಟ್ಟಬಾರದೆಂಬ ಅವರ ಮಾತಿಗೆ ಪರಿಶೀಲನಾ ಸಮಿತಿ ಒಪ್ಪಿತು. ಆಯಾಗಳನ್ನು ಮತ್ತೆ ನೇಮಿಸಬೇಕೆಂಬ ಮಾತಿಗೆ ಒಪ್ಪಲಿಲ್ಲ. ತೊಟ್ಟಿಲಿಗೆ ಜೋಡಿಸುವ ಹಾಲೂಡಿಸುವ ಯಂತ್ರವೊಂದು ಬಂದಿದೆ, ಅದರಲ್ಲಿ ಮಗುವಿನ ಬಾಯಿಗೆ ಚೀಪುವ ಕೆಲಸವೂ ಸಿಗುತ್ತದೆ, ಇನ್ನೇನು ಬೇಕು ಎಂದು ಒಬ್ಬ ಸದಸ್ಯರು ಕೇಳಿದರು. "ಉಣಿಸುವವರು ಇರಬೇಕು" ಎಂದರು ನೀಲಾಂಬಿಕಾ. ಅದಕ್ಕೆ ಅಂಕಿಅಂಶದ ಆಧಾರ ತನ್ನಿ ಎಂದಿತು ಸಮಿತಿ.

ಆಧಾರ ಹುಡುಕಿಕೊಂಡು ಅವರು ಹಳೆಯ ದಾಖಲೆಗಳ ಕೋಣೆಯಲ್ಲಿ ಹಲವು ವಾರ ಕೂತರು. ಪಟ್ಟಿ ಹುಟ್ಟುವ ಮೊದಲು, ಮಕ್ಕಳಿಗೆ ಕೈಯಿಂದ ಉಣಿಸುತ್ತಿದ್ದ ಕಾಲದ ಅಂಗನವಾಡಿ ಪುಸ್ತಕಗಳು ಕಟ್ಟುಕಟ್ಟಾಗಿ ಅಲ್ಲಿದ್ದವು. ತೂಕ, ಎತ್ತರ, ತೋಳಿನ ಸುತ್ತಳತೆ, ಪ್ರೋಟೀನು ಎಷ್ಟು, ಕ್ಯಾಲೊರಿ ಎಷ್ಟು, ಮೊಟ್ಟೆ ಎಷ್ಟು ಎಂದು ಸಾಲು ಸಾಲಾಗಿ ಬರೆದಿದ್ದರು. ಹೊರಹೊಟ್ಟೆ ಯಾವ ಮಗುವಿಗೆ ಎಷ್ಟು ಕೊಡಬೇಕೆಂದು ತಾವು ಗೊತ್ತುಮಾಡಿದ್ದು ಇಂಥ ಅಂಕಿಗಳಿಂದಲೇ ಎಂದು ಅವರಿಗೆ ನೆನಪಿತ್ತು. ಈ ಅಂಕಿಗಳು ಕೇಳಿದ್ದನ್ನೆಲ್ಲ ಪಟ್ಟಿ ಕೊಟ್ಟಿತ್ತು. ಯಾರು ಉಣಿಸಿದರು ಎಂಬ ಅಂಕಣ ಮಾತ್ರ ಯಾವ ಪುಟದಲ್ಲೂ ಸಿಗಲಿಲ್ಲ.

ಒಂದು ಪುಸ್ತಕದಲ್ಲಿ ಮಾತ್ರ ಪುಟದ ಅಂಚಿನಲ್ಲಿ ಯಾರೋ ಕಾರ್ಯಕರ್ತೆ ಪೆನ್ಸಿಲಿನಿಂದ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: "ಅಜ್ಜಿ ಬಂದು ಪಕ್ಕಕ್ಕೆ ಕುಂತರಷ್ಟೇ ಉಣ್ಣುತ್ತಾನೆ." ಆಮೇಲೆ ತಪಾಸಣೆಗೆ ಬಂದವರು ಆ ಸಾಲಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದು, "ಅನವಶ್ಯಕ" ಎಂದು ಬರೆದು, ಕೆಳಗೆ ಸಹಿ ಮಾಡಿದ್ದರು.

ಸಹಿಯ ಅಡಿಯಲ್ಲಿದ್ದ ಇಸವಿ 2026.