ಪುರಭವನದ ಹದಿನೆಂಟು ವಯರ್

2025ರ ಜನವರಿ 11, ಶನಿವಾರ. ಬೆಳಿಗ್ಗೆ 9.40ಕ್ಕೆ ಪುತ್ತೂರಿನ ಠಾಣೆಗೆ ಬಂದ ಸೆಬಾಸ್ಟ್ಯನ್, ಕುರ್ಚಿ ತೋರಿಸಿದರೂ ಕೂರಲಿಲ್ಲ. ನೆಲ್ಯಾಡಿಯಲ್ಲಿ ಸೌಂಡ್ಸ್ ಅಂಗಡಿ ಇಟ್ಟಿರುವ ಐವತ್ತರ ಮನುಷ್ಯ. ನಾಲ್ಕು ದಿನದ ನಗರ ಕಲಾಹಬ್ಬಕ್ಕೆ ಪುರಭವನ, ಕಾಲೇಜು ಮೈದಾನ, ಬಸ್ ನಿಲ್ದಾಣದ ಬಳಿಯ ಬಯಲು ವೇದಿಕೆ, ಈ ಮೂರೂ ಕಡೆ ಮೈಕು, ಸ್ಪೀಕರ್ ಎಲ್ಲ ಅವನದೇ.

"ಮಿಕ್ಸರ್ ಹೋಯ್ತು ಮೇಡಂ."

"ಅಡುಗೆಮನೆಯದ್ದಾ?" ಎಂದ ಹೆಡ್ ಕಾನ್‌ಸ್ಟೇಬಲ್ ಸಮದ್, ಪೆನ್ನು ಹುಡುಕುತ್ತ.

"ಅಲ್ಲ ಮಾರಾಯ್ರೆ, ಸೌಂಡಿಂದು. ಎಲ್ಲಾ ಮೈಕಿನ ವಯರ್ ಬಂದು ಸೇರುದು ಅದಕ್ಕೆ. ಅದಿಲ್ಲದಿದ್ರೆ ಮೈಕ್ ಅಂದ್ರೆ ಬರೀ ಕೋಲು."

ಇನ್ಸ್‌ಪೆಕ್ಟರ್ ಭವಿತಾ ನಗಲಿಲ್ಲ. ಮೂರು ತಿಂಗಳಿಂದ ಅವಳು ಯಾವುದಕ್ಕೂ ನಕ್ಕಿರಲಿಲ್ಲ, ಅತ್ತಿರಲೂ ಇಲ್ಲ. ಅಕ್ಟೋಬರ್‌ನಲ್ಲಿ ಸಂಪಾಜೆ ಘಾಟಿಯಲ್ಲಿ ಅವಳ ಅಣ್ಣನ ಬೈಕಿಗೆ ಲಾರಿ ಬಡಿದಿತ್ತು. ಶವಾಗಾರದಲ್ಲಿ ಗುರುತು ಹಿಡಿದು ಸಹಿ ಮಾಡಿದವಳು ಅವಳೇ. ನಾಲ್ಕು ದಿನ ರಜೆ, ಐದನೆಯ ದಿನ ಡ್ಯೂಟಿ. ಗಟ್ಟಿ ಹೆಂಗಸು ಎಂದು ಊರು ಹೊಗಳಿತು. ಊರಿಗೇನು, ಹೊಗಳುವುದಕ್ಕೆ ಖರ್ಚಿಲ್ಲ. ಅವಳಿಗೆ ಮಾತ್ರ ಊಟದ ರುಚಿಯೂ ಗೊತ್ತಾಗುತ್ತಿರಲಿಲ್ಲ.

"ಕೊನೆಗೆ ನೋಡಿದ್ದು ಯಾವಾಗ?"

"ನಿನ್ನೆ ರಾತ್ರಿ ಬೀಗ ಹಾಕುವಾಗ. ಇವತ್ತು ಆರೂವರೆಗೆ ನಮ್ಮ ಟೆಂಪೋ ಡ್ರೈವರ್ ಜಾಸಿರ್ ಬೀಗ ತೆಗೆದು ನಾಲ್ಕು ಸ್ಪೀಕರ್ ಮೈದಾನಕ್ಕೆ ಸಾಗಿಸಿದ್ದಾನೆ. ಎಂಟೂವರೆಗೆ ಅವನ ಜೊತೆ ನಾನು ಹೋದಾಗ ಇಲ್ಲ. ಬೀಗ ಒಡೆದಿಲ್ಲ."

"ಕೀಲಿ?"

"ಅವನ ಹತ್ರ ಮಾತ್ರ." ಸೆಬಾಸ್ಟ್ಯನ್ ನೆಲ ನೋಡಿದ. "ಅವನ ಮೇಲೆ ಹಿಂದೆ ಒಂದು ಕೇಸ್ ಇತ್ತು ಮೇಡಂ. ಖುಲಾಸೆ ಆಗಿದೆ. ನಾನು ಹೇಳುದಲ್ಲ, ಎಲ್ಲರೂ ಹೇಳ್ತಾರೆ."

"ನಿನ್ನೆ ಏನಾದರೂ ನಡೆದಿತ್ತಾ?"

"ಸಂಜೆ ಪುರಭವನದಲ್ಲಿ ಮೈಕ್ ಕೂಗಿತು. ಕೂಯ್ ಅಂತ, ನಿಲ್ಲುದೇ ಇಲ್ಲ. ಹಾಡ್ತಿದ್ದ ಹುಡುಗಿ ಅತ್ಕೊಂಡು ಇಳಿದು ಹೋದ್ಲು. ಮಿಕ್ಸರ್ ಹಾಳಾಗಿದೆ ಅಂದ ಅದನ್ನು ನಡೆಸುವ ನಮ್ಮ ತೀರ್ಥಣ್ಣ. ಅದಕ್ಕೇ ಇವತ್ತು ಹನ್ನೊಂದಕ್ಕೆ ಕಂಪನಿಯವನನ್ನು ಮಂಗಳೂರಿಂದ ಬರ್ಲಿಕ್ಕೆ ಹೇಳಿದ್ದೆ. ಎಲ್ಲ ರೆಕಾರ್ಡ್ ಆಗಿರ್ತದೆ, ಯಾರ ತಪ್ಪು ಅಂತ ಅವನೇ ಹೇಳ್ಲಿ ಅಂತ."

10.25ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಸಮದ್ ಪೆನ್ನು ಎತ್ತಿ ಅವಳ ಮುಖ ನೋಡಿದ.

"ಅಪರಿಚಿತ ಅಂತ ಬರೆಯಿರಿ."

"ಜಾಸಿರ್‌ನ ಅರ್ಜಿ ನಮ್ಮ ಮೇಜಿನ ಮೇಲೇ ಉಂಟು ಮೇಡಂ" ಎಂದ ಸಮದ್ ತಗ್ಗಿದ ದನಿಯಲ್ಲಿ. "ಕತಾರಿಗೆ ಹೋಗ್ಲಿಕ್ಕೆ ಪೊಲೀಸ್ ಸರ್ಟಿಫಿಕೇಟ್. ಸೋಮವಾರದ ಒಳಗೆ ಕೊಡ್ಬೇಕು. ಇದರಲ್ಲಿ ಅವನ ಹೆಸರು ಬಂದ್ರೆ ವೀಸಾ ಹೋಯ್ತು."

"ಗೊತ್ತುಂಟು. ಅಪರಿಚಿತ ಅಂತ ಬರೆಯಿರಿ."

11.10ಕ್ಕೆ ಇಬ್ಬರು ಪಂಚರ ಸಮಕ್ಷಮದಲ್ಲಿ ಪುರಭವನದ ಸ್ಥಳ ಪಂಚನಾಮೆ ಶುರುವಾಯಿತು. ಮುಂಬಾಗಿಲಿನ ಬೀಗ ಸರಿ ಇತ್ತು. ವೇದಿಕೆಯ ಹಿಂದೆ ಕಲಾವಿದರು ಓಡಾಡುವ ಬಾಗಿಲೊಂದು ಓಣಿಗೆ ತೆರೆಯುತ್ತದೆ. ಅದರ ಒಳಚಿಲಕ ತೆಗೆದಿತ್ತು. ಕ್ಯಾಮೆರಾ ಇರುವುದು ಮುಂದಿನ ಗೇಟಿಗೆ ಮಾತ್ರ. ಅದರಲ್ಲಿ ಜಾಸಿರ್‌ನ ಟೆಂಪೋ 6.34ಕ್ಕೆ ಒಳಗೆ, 7.05ಕ್ಕೆ ಹೊರಗೆ. ಟೆಂಪೋದ ಹಿಂಭಾಗ ತೆರೆದೇ ಇತ್ತು. ನಾಲ್ಕು ಸ್ಪೀಕರ್ ಬಿಟ್ಟು ಬೇರೇನೂ ಕಾಣಲಿಲ್ಲ. ಮುಚ್ಚಿಟ್ಟರೆ ಕಾಣುತ್ತದೆಯೇ ಎಂದು ಪಂಚರಲ್ಲೊಬ್ಬ ಗೊಣಗಿದ.

ಮಿಕ್ಸರ್ ಇದ್ದ ಮೇಜಿನ ಮೇಲೆ ಕಪ್ಪು ವಯರ್‌ಗಳ ಸುರುಳಿಗಳು ಸಾಲಾಗಿ ಕೂತಿದ್ದವು. ಭವಿತಾ ಎಣಿಸಿದಳು. ಹದಿನೆಂಟು. ಒಂದರ ಮೇಲೊಂದು ಬಿದ್ದಿಲ್ಲ, ಒಂದೂ ಗಂಟಾಗಿಲ್ಲ.

"ಇವನ್ನು ಯಾರು ಸುತ್ತಿಟ್ಟದ್ದು?"

ಸೆಬಾಸ್ಟ್ಯನ್ ಆಗಲೇ ಗಮನಿಸಿದ್ದು. "ರಾತ್ರಿ ಎಲ್ಲ ಮಿಕ್ಸರಿಗೆ ಚುಚ್ಚಿಯೇ ಇದ್ದವು. ನಾಲ್ಕು ದಿನ ನಾವು ತೆಗೆಯುದೇ ಇಲ್ಲ."

ಕಳ್ಳನಾದವನು ವಯರ್ ಕಿತ್ತು, ಯಂತ್ರ ಎತ್ತಿ, ಜಾಗ ಖಾಲಿ ಮಾಡಬೇಕು. ಇವನು ನಿಂತು ಹದಿನೆಂಟು ವಯರ್ ಸುತ್ತಿದ್ದಾನೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕೈಗೆ ಹತ್ತಿದ ಕೆಲಸದ ಗುಣವೂ ಹಾಗೆಯೇ. ಭವಿತಾ ಒಂದು ಸುರುಳಿ ಎತ್ತಿ ನೋಡಿದಳು. ಕೊನೆಯ ತುದಿಯನ್ನು ಸುರುಳಿಯ ನಡುವಿಗೆ ಎರಡು ಸುತ್ತು ಬಿಗಿದು, ಒಳಗೆ ತೂರಿಸಿ ಸಿಕ್ಕಿಸಲಾಗಿತ್ತು.

"ನೀವು ಹೀಗೇ ಕಟ್ಟುವುದಾ?"

"ಇಲ್ಲ, ನಮ್ಮದು ಅಂಟುವ ಪಟ್ಟಿ. ಇದು ಹಳೇ ಕಾಲದ್ದು."

1.30ಕ್ಕೆ ಸೆಬಾಸ್ಟ್ಯನ್ ಬಳಿ ಕೆಲಸಕ್ಕಿದ್ದ ಮೂವರನ್ನೂ, ಕಲಾವಿದರು ಬಣ್ಣ ಹಚ್ಚುವ ಕೋಣೆಗೆ ಒಬ್ಬೊಬ್ಬರನ್ನಾಗಿ ಕರೆಸಿದಳು. ಮೇಜಿನ ಮೇಲೊಂದು ಬಿಚ್ಚಿದ ವಯರ್, ಪಕ್ಕದಲ್ಲಿ ಅಂಟುವ ಪಟ್ಟಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಸಮದ್ ಮೂವತ್ತು ವರ್ಷ ನೋಡಿದವನು, ಬಾಗಿಲಲ್ಲೇ ನಿಂತ.

ಮೊದಲು ಜಾಸಿರ್. ಇಪ್ಪತ್ತೊಂಬತ್ತರ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಇದನ್ನು ಸುತ್ತು."

ಅವನು ಹಗ್ಗ ಸುತ್ತಿದ ಹಾಗೆ ಅಂಗೈಯಿಂದ ಮೊಣಕೈಗೆ ಸುತ್ತಿದ. ಅರ್ಧಕ್ಕೇ ತಿರುಚಿಕೊಂಡಿತು.

"ಹೀಗೆ ಸುತ್ತಿದ್ರೆ ಬೈತಾರೆ ಮೇಡಂ, ಒಳಗಿನ ತಂತಿ ಹೋಗ್ತದಂತೆ. ನಂಗೆ ವಯರ್ ಮುಟ್ಲಿಕ್ಕೇ ಬಿಡುದಿಲ್ಲ." ವಯರ್ ಕೆಳಗಿಟ್ಟು ಕೇಳಿದ, "ನನ್ನ ಹೆಸರು ಬರ್ದಾಯ್ತಾ?"

"ಹೊರಗೆ ಕೂತ್ಕೊ."

ಸೆಬಾಸ್ಟ್ಯನ್‌ನ ಅಳಿಯ ಬಿಬಿನ್ ಮೈದಾನದ ಮಿಕ್ಸರ್ ನೋಡಿಕೊಳ್ಳುವವನು. ಒಂದು ಸುತ್ತು ಮೇಲಿಂದ, ಒಂದು ಸುತ್ತು ಅಡಿಯಿಂದ ಚಕಚಕನೆ ಸುತ್ತಿ ಪಟ್ಟಿ ಅಂಟಿಸಿದ.

ಕೊನೆಗೆ ತೀರ್ಥರಾಮ. ಆಲೆಟ್ಟಿಯವನು, ವಯಸ್ಸು ಐವತ್ತೆಂಟು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಸುಳ್ಯದಲ್ಲಿ ಇಪ್ಪತ್ತೆರಡು ವರ್ಷ ಸ್ವಂತ ಮೈಕ್ ಸೆಟ್ ಅಂಗಡಿ ನಡೆಸಿ, ಅದು ಮುಚ್ಚಿದ ಮೇಲೆ ಸೆಬಾಸ್ಟ್ಯನ್ ಬಳಿ ಸೇರಿದವನು. ನಿನ್ನೆ ಪುರಭವನದ ಮಿಕ್ಸರ್ ಅವನ ಕೈಯಲ್ಲಿತ್ತು. ವಯರ್ ಕಂಡದ್ದೇ ತಡ, ಯಾರೂ ಹೇಳುವ ಮೊದಲೇ ಕೈಗೆತ್ತಿಕೊಂಡ. ಮೇಲಿಂದ, ಅಡಿಯಿಂದ, ಮೇಲಿಂದ.

ಭವಿತಾ ಅವನ ಬೆನ್ನ ಹಿಂದೆ ಬಂದು ನಿಂತಳು. "ಎಷ್ಟು ವರ್ಷ ಆಯ್ತು ಈ ಕೆಲಸಕ್ಕೆ?"

ಉತ್ತರವಿಲ್ಲ. ಇನ್ನೊಮ್ಮೆ ಕೇಳಿದಳು. ಮೂರನೆಯ ಸಲ, "ಬೆಂಕಿ ಬಿದ್ದಿದೆ" ಎಂದಳು. ಅವನು ತುದಿಯನ್ನು ನಡುವಿಗೆ ಎರಡು ಸುತ್ತು ಬಿಗಿದು, ಒಳಗೆ ತೂರಿಸಿ, ಸುರುಳಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಪಟ್ಟಿಯನ್ನು ಮುಟ್ಟಿಯೂ ನೋಡಲಿಲ್ಲ.

ಭವಿತಾ ಮುಂದೆ ಬಂದು ಕಾಗದದ ಮೇಲೆ ಬರೆದು ತೋರಿಸಿದಳು: ಮಿಕ್ಸರ್ ಎಲ್ಲಿದೆ?

ತೀರ್ಥರಾಮ ಓದಿದ. ಹೆಗಲು ಮುಟ್ಟಲಿಲ್ಲ, ಹಣೆ ಒರೆಸಲಿಲ್ಲ. ಬಹಳ ಹೊತ್ತಿನಿಂದ ಕಾಯುತ್ತಿದ್ದ ಬಸ್ಸು ಬಂತೆಂಬಂತೆ ಕಾಗದ ಮಡಚಿದ.

"ಸುಳ್ಯದಲ್ಲಿ, ನನ್ನ ಹಳೇ ಅಂಗಡಿಯಲ್ಲಿ. ಧೂಳು ಬೀಳದ ಹಾಗೆ ಇಟ್ಟಿದ್ದೇನೆ ಮೇಡಂ."

3.40ಕ್ಕೆ ಅಂಗಡಿಯ ಶಟರ್ ಎತ್ತಿಸಿದರು. ಜಪ್ತಿ ಪಂಚನಾಮೆಯನ್ನು ಸಮದ್ ಮೊಬೈಲಿನಲ್ಲಿ ಚಿತ್ರೀಕರಿಸಿದ. ಗೋಡೆಯುದ್ದಕ್ಕೂ ಬಣ್ಣ ಹೋದ ಹಳೆಯ ಹಾರ್ನ್‌ಗಳು. ನಡುವೆ ಹಲಗೆಯ ಮೇಲೆ, ಒಗೆದ ಬೆಡ್‌ಶೀಟಿನಲ್ಲಿ ಸುತ್ತಿದ ಮಿಕ್ಸರ್. ಒಂದು ಗೀರೂ ಇರಲಿಲ್ಲ. ಸಂಜೆ 5.10ಕ್ಕೆ ಠಾಣೆಯಲ್ಲಿ ದಸ್ತಗಿರಿ ದಾಖಲಾಯಿತು. ಒಳಗಿನ ನೌಕರನೇ ಮಾಡಿದ ಕಳವು ಎಂಬ ಕಲಂ ಸೇರಿತು. ಆಲೆಟ್ಟಿಯಲ್ಲಿದ್ದ ಹೆಂಡತಿ ಶೀಲಾವತಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ, "ಅವರಿಗೆ ಕಿವಿ ಕೇಳುದಿಲ್ವಾ?" ಎಂದಷ್ಟೇ ಕೇಳಿದಳು.

ಹೇಳಿಕೆಯಲ್ಲಿ ಇದ್ದದ್ದು ಇಷ್ಟು. ಎರಡು ವರ್ಷದಿಂದ ಸಣ್ಣ, ಎತ್ತರದ ಸ್ವರ ಯಾವುದೂ ಅವನಿಗೆ ಕೇಳುತ್ತಿರಲಿಲ್ಲ; ಮಾತೂ ಬರೀ ಗುಜುಗುಜು. ವಾಪಸು ಬರುವುದಿಲ್ಲ ಎಂದಿದ್ದರು ಮಂಗಳೂರಿನ ಡಾಕ್ಟರು. ಅವನು ಯಾರಿಗೂ ಹೇಳಲಿಲ್ಲ. ಎದುರು ಕೂತವರ ತುಟಿ ನೋಡಿ ಮಾತು ತಿಳಿಯುತ್ತಿದ್ದ. ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನವರ ಮುಖ ನೋಡುತ್ತಿದ್ದ. ಯಾರಾದರೂ ಹುಬ್ಬು ಗಂಟಿಕ್ಕಿದರೆ ಸ್ವರ ಇಳಿಸುತ್ತಿದ್ದ. ಶುಕ್ರವಾರ ಹೊಸ ಲೈಟಿನವನು ಸಭಾಂಗಣದ ದೀಪಗಳನ್ನೆಲ್ಲ ಆರಿಸಿಬಿಟ್ಟ. ಒಂದು ಮುಖವೂ ಕಾಣಲಿಲ್ಲ. ಹುಡುಗಿ ಅಳುತ್ತ ಇಳಿದಾಗಲೇ ಅವನಿಗೆ ಗೊತ್ತಾದದ್ದು.

"ಕಂಪನಿಯವ ಬಂದು ಮಿಕ್ಸರ್ ಸರಿ ಉಂಟು ಅಂದಿದ್ರೆ ತಪ್ಪು ನನ್ನ ಕಿವಿಯದ್ದು ಅಂತ ಗೊತ್ತಾಗ್ತಿತ್ತು. ಮತ್ತೆ ನನ್ನನ್ನು ಯಾರು ಮಿಕ್ಸರ್ ಮುಂದೆ ನಿಲ್ಲಿಸ್ತಾರೆ? ಬೇರೆ ಎಂತ ಗೊತ್ತುಂಟು ನಂಗೆ? ಹಿಂದಿನ ಬಾಗಿಲಿನ ಚಿಲಕ ರಾತ್ರಿಯೇ ತೆಗೆದಿಟ್ಟಿದ್ದೆ. ಜಾಸಿರ್ ಮುಂದೆ ಲೋಡ್ ಮಾಡುವಾಗ ಆ ಬಾಗಿಲಲ್ಲಿ ತಂದು ನನ್ನ ಓಮ್ನಿ ವ್ಯಾನಿನಲ್ಲಿ ಇಟ್ಟೆ. ಸುಳ್ಯಕ್ಕೆ ಹೋಗಿ, ಹತ್ತಕ್ಕೆ ವಾಪಸು ಬಂದೆ."

"ಜಾಸಿರ್‌ನ ಮೇಲೆ ಬರ್ತದೆ ಅಂತ ಗೊತ್ತಿರ್ಲಿಲ್ವಾ?"

"ಮೊದಲು ಗೊತ್ತಿರ್ಲಿಲ್ಲ. ಬಂದ ಮೇಲೆ ಗೊತ್ತಾಯ್ತು." ಅವನು ತನ್ನ ಕೈ ನೋಡಿಕೊಂಡ. "ಬಾಯಿ ಬರ್ಲಿಲ್ಲ. ಅವನ ಕಾಗದಕ್ಕೆ ಸಹಿ ಆಯ್ತಾ ಮೇಡಂ?"

"ಆಯ್ತು."

ಸಂಜೆ 6.15ಕ್ಕೆ ಬಿಬಿನ್ ಬಂದು ಪೆನ್ ಡ್ರೈವ್ ಒಂದನ್ನು ಮೇಜಿನ ಮೇಲಿಟ್ಟ. ಮಿಕ್ಸರ್ ತನ್ನೊಳಗೆ ಏನನ್ನೂ ಇಟ್ಟುಕೊಳ್ಳುವುದಿಲ್ಲವಂತೆ. ರೆಕಾರ್ಡೆಲ್ಲ ಇದರಲ್ಲೇ, ಇದನ್ನು ಬಿಬಿನ್ ಶುಕ್ರವಾರ ರಾತ್ರಿಯೇ ಪುರಭವನದ ಮಿಕ್ಸರಿನಿಂದ ತೆಗೆದು ಚೀಲಕ್ಕೆ ಹಾಕಿದ್ದ. ತೀರ್ಥರಾಮ ಕದ್ದದ್ದು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಟೇಪಿನ ಕಾಲದವನು; ಸ್ವರ ಯಂತ್ರದ ಹೊಟ್ಟೆಯಲ್ಲೇ ಇರುತ್ತದೆ ಎಂದು ನಂಬಿದ್ದ.

ಸಾಕ್ಷ್ಯಕ್ಕಾಗಿ ಅದನ್ನು ಕೇಳಲೇಬೇಕಿತ್ತು. ಬಿಬಿನ್ ತನ್ನ ಸಣ್ಣ ಸ್ಪೀಕರನ್ನು ಲ್ಯಾಪ್‌ಟಾಪಿಗೆ ಜೋಡಿಸಿದ. ಹುಡುಗಿಯ ಹಾಡು ಬಂತು, ಹಿಂದೆಯೇ ಆ ಕೂಗು. ಸಮದ್ ಎರಡೂ ಕಿವಿ ಮುಚ್ಚಿಕೊಂಡ, ಬಿಬಿನ್ ಹಲ್ಲು ಕಚ್ಚಿದ, ಹೊರಗಿನ ಪಹರೆಯವನು ಇಣುಕಿ ನೋಡಿದ. ತೀರ್ಥರಾಮ ಬೆಂಚಿನ ಮೇಲೆ ಕುತ್ತಿಗೆ ಚಾಚಿ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ.

"ಈಗ ಕೂಗ್ತಾ ಉಂಟಲ್ಲ?" ಎಂದ.

ಅವನ ಕಣ್ಣು ಭವಿತಾಳ ಮುಖಕ್ಕೆ ಬಂದು ಅಲ್ಲೇ ನಿಂತಿತು. ಅವಳು ಕಿವಿ ಮುಚ್ಚಿರಲಿಲ್ಲ. ಹುಬ್ಬು ಅಲುಗಿರಲಿಲ್ಲ.

"ನಿಮಗೂ ಕೇಳುದಿಲ್ವಾ ಮೇಡಂ?"

"ಕೇಳ್ತದೆ" ಎಂದಳು ಭವಿತಾ. ಕೂಗು ಇನ್ನೂ ಇತ್ತು, ನಲವತ್ತೊಂದು ಸೆಕೆಂಡ್. ಅದು ಮುಗಿದ ಮೇಲೂ, ಶವಾಗಾರದಲ್ಲಿ ತಡೆಯದೆ ಸಹಿ ಹಾಕಿದ್ದ ಅವಳು ಪೆನ್ನು ಎತ್ತಲಿಲ್ಲ. ಎಷ್ಟು ಗಂಟೆ ಅಂತ ಬರೆಯಲಿ ಎಂದು ಸಮದ್ ಎರಡು ಸಲ ಅವಳನ್ನು ಕೇಳಿ, ಕೊನೆಗೆ ಗೋಡೆಯ ಗಡಿಯಾರ ನೋಡಿ ತಾನೇ ಬರೆದುಕೊಂಡ.