ಇಬ್ಬರ ಹಾಡಿಗೆ ಒಬ್ಬನ ಹೆಸರು

ಪೋಸ್ಟರಿನಲ್ಲಿ ಅವಳ ಹೆಸರಿರಲಿಲ್ಲ. ಬಸ್ ನಿಲ್ದಾಣದ ಗೋಡೆಯ ಉದ್ದಕ್ಕೂ ಗಾಯಕ ಜೇನು ನಗುತ್ತ ನಿಂತಿದ್ದ. ಅದು ಅಭಿಮಾನಿಗಳು ಇಟ್ಟ ಹೆಸರು. ಕಂಠ ಜೇನಿನಂತೆ ಇದೆಯಂತೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ವರ್ಷದ ಪ್ರೇಮಗೀತೆ, ಜೇನುವಿನ ದನಿಯಲ್ಲಿ’ ಎಂದಿತ್ತು. ಹಾಡೇನೋ ಯುಗಳಗೀತೆ. ಅವನು ಕರೆದರೆ ಓಗೊಡುವವಳು ಅವಳು, ಮುನಿಸಿಕೊಳ್ಳುವವಳು ಅವಳು, ಕೊನೆಯ ಸಾಲಿನಲ್ಲಿ ಕರಗುವವಳೂ ಅವಳೇ. ಪೋಸ್ಟರ್ ನೋಡಿದರೆ ಮಹಾಶಯ ದೀಪದ ಕಂಬವನ್ನು ಪ್ರೀತಿಸಿದ ಹಾಗಿತ್ತು.

ಕೇಳಿದ್ದಕ್ಕೆ ಸಂಗೀತ ನಿರ್ದೇಶಕರು ಫೋನಿನಿಂದ ಕಣ್ಣೆತ್ತದೆ ಹೇಳಿದರು: “ಜಾಗ ಸಾಲ್ಲಿಲ್ಲಮ್ಮ. ಮುಂದಿನ ಹಾಡಲ್ಲಿ ನೋಡೋಣ.”

“ಬಿಡುಗಡೆ ದಿನ ಸ್ಟೇಜ್ ಮೇಲೆ ನಾನೆಲ್ಲಿ ನಿಂತ್ಕೊಳ್ಲಿ ಸರ್?”

“ನಿಮ್ದು ರೆಕಾರ್ಡ್ ಹಾಕ್ತೀವಿ. ಜೇನು ಪಕ್ಕ ಒಬ್ಬಳು ಡ್ಯಾನ್ಸರ್ ಬಾಯಾಡಿಸ್ತಾಳೆ. ನೀವು ಮುಂದಿನ ಸಾಲಲ್ಲಿ ಕೂತು ಆರಾಮಾಗಿ ನೋಡಿ.”

“ಆಗ್ಲಿ ಸರ್,” ಎಂದು ಅವಳು ಹೊರಗೆ ಬಂದಳು. ತನ್ನ ದನಿಗೆ ಇನ್ನೊಬ್ಬಳ ಬಾಯಿ! ಆದರೂ ಅಳಲಿಲ್ಲ. ಇಂಥದ್ದಕ್ಕೆಲ್ಲ ಅತ್ತು ದಿಂಬು ಒದ್ದೆ ಮಾಡಿದ ಕಾಲ ಮುಗಿದಿತ್ತು. ಹಾಡು ಬಿಡುಗಡೆಯಾಗಲಿ, ಆದರೆ ತಾನು ಹೇಳಿದ ದಿನ ಎಂದು ಸ್ಟುಡಿಯೋದ ಮೆಟ್ಟಿಲಿಳಿಯುವಷ್ಟರಲ್ಲಿ ತೀರ್ಮಾನಿಸಿದ್ದಳು.

ಸಿಕ್ಕಿಬಿದ್ದರೆ ಏನಾಗುತ್ತದೆಂಬುದು ಗೊತ್ತಿತ್ತು. ಹಾಡನ್ನು ಬಿಡುಗಡೆಗೆ ಮೊದಲೇ ಹೊರಬಿಟ್ಟವರ ದನಿ ಅಳಿಸಿ ಬೇರೆಯವರಿಂದ ಹಾಡಿಸುತ್ತೇನೆಂದು ನಿರ್ದೇಶಕರು ಇಬ್ಬರ ಎದುರೂ ಗುಡುಗಿದ್ದರು. ಅವಳಿಗಿದ್ದ ಆಸ್ತಿಯೆಂದರೆ ಆ ದನಿಯೊಂದೇ. ಹಾಗಾಗಿ ಸಿಕ್ಕಿಬೀಳುವ ಪ್ರಶ್ನೆಯೇ ಇರಕೂಡದು.

ಸ್ಟುಡಿಯೋದ ಹೊರಗೆ ಹಾಡು ಇದ್ದದ್ದು ಹಾಡಿದ ಇಬ್ಬರ ಬಳಿ ಮಾತ್ರ. ದನಿಗಳನ್ನೂ ವಾದ್ಯಗಳನ್ನೂ ಹದವಾಗಿ ಬೆರೆಸುವ ಹಿರಿಯರನ್ನು ಸ್ಟುಡಿಯೋದಲ್ಲಿ ಎಲ್ಲರೂ ಮಾವ ಎನ್ನುತ್ತಿದ್ದರು. ಅವರೇ ಇಬ್ಬರಿಗೂ ಒಂದೊಂದು ಪೆನ್‌ಡ್ರೈವ್ ಕೊಟ್ಟಿದ್ದರು. ಒಂದೇ ಬಣ್ಣ, ಒಂದೇ ಗಾತ್ರ.

“ನಿಮ್ ದನಿ ಸರಿಯಾಗಿ ಕೇಳ್ತಿದೆಯೇನಮ್ಮ?” ಎಂದು ಅಂದು ಮಾವ ವಿಚಾರಿಸಿದ್ದರು.

ಅವಳು ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದ್ದಳು. ಬಿಡುಗಡೆಯಾದ ಹಾಡುಗಳಲ್ಲಿ ಎಂದೂ ಇಲ್ಲದ್ದು, ಈ ಸಲ ಎರಡು ದನಿಗಳೂ ಸಮಸಮ. “ಈಗ ಸರಿಯಾಯ್ತು ನೋಡಿ ಮಾವ,” ಎಂದಿದ್ದಳು. ಜೇನು ಕೂಡ ತನ್ನದನ್ನು ಕೇಳಿ, ಮಾವನ ಬೆನ್ನು ತಟ್ಟಿ, ಶಿಳ್ಳೆ ಹಾಕುತ್ತ ಹೋಗಿದ್ದ.

ಆ ಶಿಳ್ಳೆಯೇ ಅವಳಿಗೆ ದಾರಿ ತೋರಿಸಿತು. ಬಾಯಲ್ಲಿ ಮಾತೇ ನಿಲ್ಲದವನ ಕಾರಿನಲ್ಲಿ ಹಾಡು ನಿಲ್ಲುತ್ತದೆಯೇ? ಜಿಮ್ಮಿನ ಮುಂದೆ ಕಾರು ನಿಲ್ಲಿಸಿ, ಬಾಗಿಲು ತೆರೆದಿಟ್ಟು, ದಾರಿಹೋಕರಿಗೆಲ್ಲ ಕೇಳಿಸುತ್ತಿದ್ದ. ಆ ಜಿಮ್ಮಿನ ಕೆಳಗೆ ಒಂದು ಇಂಟರ್ನೆಟ್ ಅಂಗಡಿ. ಒಳಗೆ ಕ್ಯಾಮೆರಾ ಇರಬೇಕಾದ ಜಾಗದಲ್ಲಿ ಬರೀ ವೈರು ನೇತಾಡುತ್ತಿತ್ತು. ಇದಕ್ಕಿಂತ ಅನುಕೂಲ ಬೇಕೆಂದರೆ ದುರಾಸೆಯಾದೀತು.

ಹಾಡಹಗಲೇ ಹೋದಳು. ಜೇನುವಿನ ಕಾರು ಹೊರಗೆ ನಿಂತಿದ್ದನ್ನು ಖಚಿತ ಮಾಡಿಕೊಂಡು, ಮುಖಕ್ಕೆ ಮಾಸ್ಕು, ಮೈಗೆ ಅಕ್ಕನ ಹಳೇ ಕೋಟು ಹಾಕಿಕೊಂಡು ಒಳಹೊಕ್ಕಳು. ಹೊಸ ಖಾತೆ ತೆರೆದಳು, ಫೈಲಿನ ಹೆಸರು ಬದಲಿಸಿದಳು. ಹಾಡಿನ ಕೆಳಗೆ ತನ್ನ ಹೆಸರು ಬರೆಯಲು ಬೆರಳು ತುಡಿಯಿತು, ತಡೆದುಕೊಂಡಳು. ಜೇನುವಿನ ಹೆಸರಷ್ಟೇ ಹಾಕಿ ಹಾಡನ್ನು ಇಂಟರ್ನೆಟ್ಟಿಗೆ ಬಿಟ್ಟಳು. ಹೆಣ್ಣು ಯಾರೆಂದು ಜನವೇ ಕೇಳಲಿ. ಹೊರಡುವಾಗ ಕೀಬೋರ್ಡ್ ಒರೆಸಿದಳು. ಪಾಪ, ಅದಕ್ಕೆ ಅದೇ ಮೊದಲ ಸ್ನಾನವಿರಬೇಕು. ಮರುದಿನ ಪೆನ್‌ಡ್ರೈವನ್ನು ನಗುನಗುತ್ತ ಮಾವನಿಗೆ ಹಿಂದಿರುಗಿಸಿ ಕೈ ತೊಳೆದುಕೊಂಡಳು.

ಹಾಡು ಕಾಳ್ಗಿಚ್ಚಿನಂತೆ ಹಬ್ಬಿತು. ಬಸ್ಸಿನಲ್ಲಿ ಟಿಕೆಟ್ ಕೊಡುವಾಕೆ ಗುನುಗುತ್ತಿದ್ದದ್ದು ಜೇನುವಿನ ಸಾಲನ್ನಲ್ಲ, ಅವಳ ಮುನಿಸಿನ ಸಾಲನ್ನು. ಎಲ್ಲೆಲ್ಲೂ ಒಂದೇ ಪ್ರಶ್ನೆ, ಈ ಹೆಣ್ಣು ದನಿ ಯಾರದು? ಅಕ್ಕ ಫೋನ್ ಮಾಡಿದಳು.

“ಕೇಳ್ದೆ ಕಣೆ. ಅವನ ಹಾಡಲ್ಲಿ ಯಾವಾಗ್ಲೂ ನಿನ್ನ ಹುಡುಕ್ಬೇಕಿತ್ತು. ಇದ್ರಲ್ಲಿ ಅವನನ್ನೇ ಹುಡುಕ್ಬೇಕು.”

“ಹುಡುಕ್ಲಿ ಬಿಡು ಅಕ್ಕ.”

“ನಿನ್ನದೇನೂ ಕೈವಾಡ ಇಲ್ಲ ತಾನೇ?”

“ನಾನ್ಯಾಕೆ ಮಾಡ್ಲಿ? ನಾನು ಮುಂದಿನ ಸಾಲಲ್ಲಿ ಆರಾಮಾಗಿ ಕೂರೋಳು.”

ನಿರ್ದೇಶಕರು ಎಲ್ಲರನ್ನೂ ಸ್ಟುಡಿಯೋಗೆ ಕರೆಸಿದಾಗ ಅವಳು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದಳು. ಎಲ್ಲ ಅಂದುಕೊಂಡಂತೆಯೇ ನಡೆಯಿತು. ಇಂಟರ್ನೆಟ್ ಅಂಗಡಿ ಪತ್ತೆಯಾಗಿತ್ತು, ಅದರ ಮೇಲಿನ ಜಿಮ್ ಪತ್ತೆಯಾಗಿತ್ತು, ಜೇನು ಬೆವರುತ್ತಿದ್ದ.

“ಕಾರಲ್ಲಿ ಹಾಕಿದ್ದು ನಿಜ ಸರ್. ಆದ್ರೆ ಯಾರಿಗೂ ಕೊಟ್ಟಿಲ್ಲ, ನನ್ನಾಣೆ,” ಎಂದ.

“ನಿಮ್ಮ ಆಣೆ ಇಟ್ಕೊಂಡು ನಾನೇನ್ ಮಾಡ್ಲಿ?” ಎಂದರು ನಿರ್ದೇಶಕರು. ಅವಳು ಕಿಟಕಿಯತ್ತ ತಿರುಗಿ ತುಟಿ ಕಚ್ಚಿ ನಗು ತಡೆದಳು. ಅವನ ದನಿ ಅಳಿಸುತ್ತಾರೆ, ತನ್ನದು ಉಳಿಯುತ್ತದೆ.

ಅಷ್ಟು ಹೊತ್ತು ಮೂಲೆಯಲ್ಲಿ ವೈರು ಸುತ್ತುತ್ತಿದ್ದ ಮಾವ ಎದ್ದು ಬಂದರು. “ಅವರಲ್ಲ ಸರ್,” ಎಂದು, ಅವಳತ್ತ ನೋಡದೆ, ಮೊದಲು ಊರೆಲ್ಲ ಹಬ್ಬಿದ ಹಾಡನ್ನು ಹಾಕಿದರು, ಆಮೇಲೆ ಜೇನು ಹಿಂದಿರುಗಿಸಿದ ಪ್ರತಿಯನ್ನು. ಮೊದಲನೆಯದರಲ್ಲಿ ಅವಳು ಮುಂದೆ, ಅವನು ಹಿಂದೆ. ಎರಡನೆಯದರಲ್ಲಿ ಅವನು ಮುಂದೆ, ಅವಳು ಬಾಗಿಲಾಚೆ ನಿಂತು ಹಾಡಿದ ಹಾಗೆ. “ಹಾಡಿದವರಿಗೆ ಕೊಡೋ ಪ್ರತಿಯಲ್ಲಿ ಅವರವರ ದನೀನ ಸ್ವಲ್ಪ ಮೇಲಿಟ್ಟೇ ಕೊಡ್ತೀನಿ ಸರ್. ಇಲ್ದಿದ್ರೆ ನನ್ ದನಿ ಕಮ್ಮಿ ಆಯ್ತು ಅಂತ ತಲೆ ತಿಂತಾರೆ. ಎರಡೂ ಸಮ ಇರೋ ಹಾಡು ನನ್ ಹತ್ರಾನೇ ಇದೆ, ಇನ್ನೂ ಯಾರೂ ಕೇಳಿಲ್ಲ.” ನಿರ್ದೇಶಕರು ಅವಳತ್ತ ತಿರುಗಿದರು. ಅವಳು ತಲೆ ತಗ್ಗಿಸಲಿಲ್ಲ. “ಅಳಿಸ್ಕೊಳ್ಳಿ ಸರ್. ಊರು ಹಾಡ್ತಿರೋದು ನನ್ನದನ್ನೇ,” ಎಂದು ಬ್ಯಾಗು ಹೆಗಲಿಗೇರಿಸಿದಳು. ಒಳಗೆ ಚುಚ್ಚುತ್ತಿದ್ದದ್ದು ಬೇರೆಯೇ. ಆ ಪ್ರತಿಯನ್ನು ಎಷ್ಟೋ ಸಲ ಕೇಳಿದ್ದಳು. ತನ್ನ ದನಿ ಹೆಚ್ಚಾಯಿತೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.