ಮೂಲೆಯಲ್ಲಿ ಬಂದ ಹುಲ್ಲು

"ಅಯ್ಯೋ ದೇವರೇ, ಏನ್ ಮಾಡ್ಬಿಟ್ರಿ ರೋವೆನಾ!"

ಎಲಿಸ್ ಗೇಟಿನಲ್ಲೇ ನಿಂತುಬಿಟ್ಟ. ಮರದ ಚೆಂಡು ಉರುಳಿಸಿ ಆಡುವ ಬೌಲಿಂಗ್ ಕ್ಲಬ್ಬಿನ ಅಂಗಳ ನಿನ್ನೆಯವರೆಗೂ ಹಚ್ಚಗಿತ್ತು. ಇವತ್ತು ಪುಕ್ಕ ಕಿತ್ತ ಕೋಳಿಯಂತಾಗಿತ್ತು. ಲಂಕಾಶೈರಿನ ಆ ಸಣ್ಣ ಊರಿನ ಹಿರಿಯರಿಗೆ ಆ ಹುಲ್ಲೆಂದರೆ ಪ್ರಾಣ.

"ಬಾಚಿದೆ ಅಷ್ಟೇ," ಎಂದಳು ರೋವೆನಾ, ಬ್ಲೇಡಿನ ಯಂತ್ರ ಆಫ್ ಮಾಡುತ್ತಾ. ಹಣೆಗೆ ಮಣ್ಣು ಮೆತ್ತಿತ್ತು, ಕಣ್ಣಲ್ಲಿ ತುಂಟ ನಗುವಿತ್ತು. "ಬುಡದಲ್ಲಿ ಸತ್ತ ಹುಲ್ಲು, ಪಾಚಿ ಎಷ್ಟಿತ್ತು ನೋಡಿ. ಪಾಪ, ಉಸಿರು ಕಟ್ಕೊಂಡಿತ್ತು. ಈಗ ಹೊಸ ಬೀಜ ಹಾಕ್ತೀನಿ, ಎರಡು ವಾರ ಸುಮ್ನಿರಿ."

ಸುಮ್ಮನಿರುವುದು ಅಧ್ಯಕ್ಷ ಕ್ಲೆಗ್ ಅವರಿಂದ ಆಗಲಿಲ್ಲ. "ಎರಡು ವಾರದಲ್ಲಿ ಹಸಿರು ಕಾಣ್ಬೇಕು ಎಲಿಸ್. ಇಲ್ದಿದ್ರೆ ನಿಮ್ಮ ಆ ಹುಡುಗಿ ಊರು ಬಿಡ್ಬೇಕಾಗುತ್ತೆ."

ನಿಮ್ಮ ಆ ಹುಡುಗಿ! ಎಲಿಸ್‌ನ ಕಿವಿ ಕೆಂಪಾಯಿತು. ಅಂಗಳ ನೋಡಿಕೊಳ್ಳುವ ಕೆಲಸಕ್ಕೆ ಅವಳನ್ನೇ ತರಬೇಕೆಂದು ಹಟ ಹಿಡಿದವನು ಕಾರ್ಯದರ್ಶಿಯಾದ ಅವನೇ. ನಲವತ್ತೊಂದು ವರ್ಷದ ಕನ್ನಡಕದ ಅಂಗಡಿಯವನು, ಪ್ರತಿ ಶನಿವಾರ ಅವಳ ಫ್ಲಾಸ್ಕಿನ ಚಹಾ ಕುಡಿದು, ಹವಾಮಾನದ ಮಾತಾಡಿ, ಹೇಳಬೇಕಾದ್ದೊಂದನ್ನು ನುಂಗಿಕೊಂಡು ಮನೆಗೆ ಹೋಗುತ್ತಿದ್ದ. ಅವಳು ಹೊರಟೇಹೋದರೆ?

ಹತ್ತನೇ ದಿನವೂ ಅಂಗಳ ಬರೀ ಮಣ್ಣಾಗಿತ್ತು. ಎಲಿಸ್‌ಗೆ ಊಟ ಸೇರಲಿಲ್ಲ.

ಹದಿನಾಲ್ಕನೇ ದಿನ, ಶನಿವಾರ, ಅವಳ ಕೆಲಸದ ತೀರ್ಮಾನವಾಗಬೇಕಿದ್ದ ಕ್ಲಬ್ಬಿನ ಸಭೆಗೆ ಇನ್ನೂ ಅರ್ಧ ಗಂಟೆಯಿರುವಾಗ ಅವನು ಬಂದರೆ, ಸಭೆಯ ಕೋಣೆಯ ಕಿಟಕಿಯೆದುರಿನ ಮೂಲೆಯೊಂದರಲ್ಲಿ ಮಾತ್ರ ಹಸಿರು ನಳನಳಿಸುತ್ತಿತ್ತು. ರೋವೆನಾ ಅದರ ಪಕ್ಕ ಮೊಣಕಾಲೂರಿ ಕೂತಿದ್ದಳು. ಇವತ್ತು ನಗುವಿರಲಿಲ್ಲ.

"ಇದು ನನ್ನ ಬೀಜ ಅಲ್ಲ. ಫುಟ್ಬಾಲ್ ಮೈದಾನದ ದಪ್ಪ ಹುಲ್ಲು, ಇದರ ಮೇಲೆ ನಮ್ಮ ಚೆಂಡು ಉರುಳಲ್ಲ. ಯಾರು ತಂದು ಚೆಲ್ಲಿದ್ದು?"

ಎಲಿಸ್ ಶೂ ನೋಡಿಕೊಂಡ. "ನಾನೇ. ಹೋದ ಶುಕ್ರವಾರ ನೀವು ಊಟಕ್ಕೆ ಹೋದಾಗ. ಬೀಜದ ಅಂಗಡಿಯವನು ಐದೇ ದಿನಕ್ಕೆ ಬರುತ್ತೆ ಅಂದ."

"ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?"

"ನಿಮ್ಮ ಮೇಲಿತ್ತು. ಹುಲ್ಲಿನ ಮೇಲಿರ್ಲಿಲ್ಲ." ಬಾಯಿಗೆ ಬಂದಿದ್ದನ್ನು ಈ ಸಲ ನುಂಗಲಿಲ್ಲ. "ನೀವು ಹೋಗ್ಬಿಟ್ರೆ ನಾನು ಏನ್ ಮಾಡ್ಲಿ ರೋವೆನಾ? ಈ ಕ್ಲಬ್ಬಿಗೆ ನಾನು ಚೆಂಡಾಡೋಕೆ ಬರ್ತೀನಿ ಅನ್ಕೊಂಡಿದೀರಾ?"

ಅವಳು ಅವನನ್ನೇ ನೋಡಿದಳು. ಆಮೇಲೆ ಅವನ ತೋಳು ಹಿಡಿದು ಕೆಳಗೆಳೆದಳು. "ಮಲಗಿ. ಕೆನ್ನೆ ನೆಲಕ್ಕೆ ತಾಗ್ಬೇಕು."

"ಸೂಟು..."

"ಮಲಗಿ ಅಂದೆ!"

ಅವನು ಇಬ್ಬನಿಯಲ್ಲಿ ಕೆನ್ನೆಯಿಟ್ಟ. ಓರೆ ಬಿಸಿಲಿಗೆ ಅಂಗಳದುದ್ದಕ್ಕೂ, ಹಸುಗೂಸಿನ ತಲೆಗೂದಲಿನಂತೆ, ಹಸಿರು ಎದ್ದು ನಿಂತಿತ್ತು. ಎಲ್ಲೆಲ್ಲೂ. ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದುಹೋಯಿತು. ಅವನಿಗೆ ನಗು ಬಂತು, ಕಣ್ಣೂ ಒದ್ದೆಯಾಯಿತು.

"ಊರಿನ ಕಣ್ಣೆಲ್ಲ ಪರೀಕ್ಷೆ ಮಾಡೋರಿಗೆ ಇದು ಕಾಣ್ಲಿಲ್ಲ," ಎಂದಳು, ಅವನ ಮೂಗಿನಿಂದ ಗೇಣುದೂರದಲ್ಲಿ ತಾನೂ ಮಲಗಿ.

"ಏನ್ರೀ ಇದು ಅವಸ್ಥೆ?" ಕ್ಲೆಗ್ ಮೇಲೆ ನಿಂತಿದ್ದರು. ರೋವೆನಾ ಹೇಳಿದ ಮೇಲೆ ಅವರೂ ನರಳುತ್ತಾ ಬಗ್ಗಿ ನೋಡಿದರು. "ಹೂಂ. ಬಂದಿದೆ. ಮುಂದಿನ ವರ್ಷವೂ ಇವಳೇ ಇರ್ಲಿ ಅಂತ ಬರ್ಕೊಳ್ಳಿ ಎಲಿಸ್. ಮೊದಲು ಎದ್ದೇಳಿ."

ಅವರು ಒಳಗೆ ಹೋದ ಮೇಲೂ ಇಬ್ಬರೂ ಏಳಲಿಲ್ಲ.

"ಆ ದಪ್ಪ ಹುಲ್ಲನ್ನ ಒಂದೊಂದೇ ಎಸಳು ಚಾಕುವಿನಿಂದ ಕೀಳ್ಬೇಕು," ಎಂದಳು ರೋವೆನಾ. "ನೀನೇ ಕೀಳ್ಬೇಕು. ಪ್ರತಿ ಶನಿವಾರ, ನನ್ನ ಜೊತೆ."

"ಎಲ್ಲಿ ತನಕ?"

"ಇಡೀ ಚಳಿಗಾಲ, ಮಾರ್ಚ್ ತನಕ ಬೇಕಾಗುತ್ತೆ."

ಎಲಿಸ್ ಅವಳ ಹಣೆಯ ಮಣ್ಣು ಒರೆಸಿದ. "ಮೊದಲೇ ಗೊತ್ತಿದ್ರೆ ಇಡೀ ಅಂಗಳಕ್ಕೆ ಚೆಲ್ತಿದ್ದೆ."